ಶಾಲಾ ಸಿಬ್ಬಂದಿಯ ವೃತ್ತಿಧರ್ಮ ಮತ್ತು ಕಾನೂನು ಹೊಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರ ತರಬೇತಿಯಲ್ಲಿ ಕಾನೂನಿನ ಅವಧಿ ನಡೆಯುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಚಹಾ ಬಿಡುವಿನಲ್ಲಿ ಮಾತ್ರ ಒಬ್ಬೊಬ್ಬರೇ ಹತ್ತಿರ ಬಂದು, "ನಮ್ಮ ಶಾಲೆಯಲ್ಲಲ್ಲ ಸರ್, ಪಕ್ಕದ ಊರಿನ ಶಾಲೆಯಲ್ಲಿ ಹೀಗಾಯಿತಂತೆ" ಎಂದು ಆರಂಭಿಸುತ್ತಾರೆ. ಇಲ್ಲಿರುವ ಪ್ರಶ್ನೆಗಳೆಲ್ಲ ಆ ಜಾತಿಯವು. ಬಹುಪಾಲು ಪ್ರಶ್ನೆಗಳ ಹಿಂದೆ ಒಂದೇ ಆಸೆ ಇರುತ್ತದೆ: ವಿಷಯ ಗೇಟು ದಾಟದಂತೆ ಶಾಲೆಯೊಳಗೇ ಮುಗಿಸಿಬಿಡುವುದು. ಕೆಲವು ಸಂಗತಿಗಳನ್ನು ಹಾಗೆ ಮುಗಿಸಬಹುದು. ಕೆಲವನ್ನು ಹಾಗೆ ಮುಗಿಸಲು ಹೋದವರೇ ಆರೋಪಿಗಳಾಗುತ್ತಾರೆ.

ನಾನು ಅತಿಥಿ ಶಿಕ್ಷಕ. ಈ ನಿಯಮಗಳೆಲ್ಲ ಕಾಯಂ ನೌಕರರಿಗೆ ಮಾತ್ರವಲ್ಲವೇ?

ಸೇವಾ ನಿಯಮ ಬೇರೆ, ಮಕ್ಕಳ ರಕ್ಷಣೆಯ ಕಾನೂನು ಬೇರೆ. ಸರ್ಕಾರಿ ಶಾಲೆಯ ಕಾಯಂ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು, 2021 ಅನ್ವಯಿಸುತ್ತವೆ. ಶಿಸ್ತುಕ್ರಮ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಂತೆ ನಡೆಯುತ್ತದೆ. ಅನುದಾನಿತ ಮತ್ತು ಖಾಸಗಿ ಶಾಲೆಗಳ ನೌಕರರ ವಿಷಯದಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆ, 1983 ಮುಖ್ಯವಾಗುತ್ತದೆ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ನೇಮಕಾತಿ ಪತ್ರ ಕೇಳುವುದಿಲ್ಲ. ಅತಿಥಿ ಶಿಕ್ಷಕ, ಆಯಾ, ಕಾವಲುಗಾರ, ವ್ಯಾನ್ ಚಾಲಕ, ಬಿಸಿಯೂಟದ ಅಡುಗೆಯವರು, ಆಡಳಿತ ಮಂಡಳಿಯ ಅಧ್ಯಕ್ಷ ಎಲ್ಲರೂ ಅದರ ವ್ಯಾಪ್ತಿಯೊಳಗೇ ಇದ್ದಾರೆ. ಮಕ್ಕಳೊಂದಿಗೆ ಒಡನಾಡುವ ಪ್ರತಿಯೊಬ್ಬ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕು ಎಂದು 2020ರ ಪೋಕ್ಸೊ ನಿಯಮಗಳು ಶಾಲೆಗಳಿಗೂ ಹೇಳಿವೆ. "ನಮ್ಮೂರಿನವನೇ, ಚಿಕ್ಕಂದಿನಿಂದ ನೋಡಿದ್ದೇವೆ" ಎಂಬುದು ಪರಿಶೀಲನೆಯಾಗುವುದಿಲ್ಲ.

ಪೋಷಕರೇ "ಹೊಡೆದು ಬುದ್ಧಿ ಹೇಳಿ ಸರ್" ಎನ್ನುತ್ತಾರೆ. ಒಂದೇಟು ಕೊಟ್ಟರೆ ತಪ್ಪೇ?

ತಪ್ಪು. ಪೋಷಕರು ಬಾಯಲ್ಲಿ ಹೇಳಿದರೂ ತಪ್ಪು, ಛಾಪಾ ಕಾಗದದಲ್ಲಿ ಬರೆದುಕೊಟ್ಟರೂ ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮವಾಗುತ್ತದೆ. ಆ ಕಾಯ್ದೆ 6ರಿಂದ 14 ವರ್ಷದವರಿಗೆ ಸಂಬಂಧಿಸಿದ್ದು ಎಂದು ಪ್ರೌಢಶಾಲೆಯವರು ನಿಟ್ಟುಸಿರು ಬಿಡಬೇಕಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಂ ಯಾರಿಗೇ ಗಾಯ ಮಾಡಿದರೂ ಅನ್ವಯಿಸುತ್ತದೆ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಹದಿನೆಂಟು ತುಂಬದ ಎಲ್ಲರನ್ನೂ ಕಾಯುತ್ತದೆ. ಮಕ್ಕಳ ಪಾಲನೆಯ ಹೊಣೆ ಹೊತ್ತ ಸಂಸ್ಥೆಯ ನೌಕರರೇ ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದೇ ಕಲಂ ಹೇಳುತ್ತದೆ. ಶಾಲೆಯಲ್ಲಿ ಹೊಡೆತ ಬಿದ್ದ ಪ್ರಕರಣಗಳಲ್ಲಿ ಈ ಕಲಂ ಎಫ್‌ಐಆರ್‌ನಲ್ಲಿ ಕಾಣಿಸಿಕೊಳ್ಳುವುದು ಈಗ ಮಾಮೂಲು.

ಬೆತ್ತ ಮುಟ್ಟದವರೂ ಮಾನಸಿಕ ಕಿರುಕುಳದ ವಿಷಯದಲ್ಲಿ ಎಡವುತ್ತಾರೆ. ಬಸ್ಕಿ ಹೊಡೆಸುವುದು, ಬಿಸಿಲಿನಲ್ಲಿ ಮೊಣಕಾಲೂರಿಸುವುದು, ಹುಡುಗನನ್ನು ಹುಡುಗಿಯರ ಸಾಲಿನಲ್ಲಿ ಕೂರಿಸಿ ನಗಿಸುವುದು, ಶುಲ್ಕ ಕಟ್ಟದವರ ಹೆಸರನ್ನು ಪ್ರಾರ್ಥನೆಯಲ್ಲಿ ಓದುವುದು, "ನಿಮ್ಮ ಜಾತಿಗೆ ಇಷ್ಟೇ ಬುದ್ಧಿ" ಎನ್ನುವುದು ಎಲ್ಲವೂ ಇದರಲ್ಲಿ ಬರುತ್ತವೆ. ಕೊನೆಯದಕ್ಕೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯೂ ಸೇರಿಕೊಳ್ಳಬಹುದು. ಅಂಗವಿಕಲ ಮಗುವನ್ನು ಎಲ್ಲರೆದುರು ಬೇಕೆಂದೇ ಅವಮಾನಿಸಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಜೈಲು.

ಸದುದ್ದೇಶದಿಂದ ಮಿತವಾಗಿ ದಂಡಿಸಿದ ಶಿಕ್ಷಕರ ಮೇಲಿನ ಪ್ರಕರಣಗಳನ್ನು ಕೇರಳ ಹೈಕೋರ್ಟ್ ಕೆಲವು ಸಲ ರದ್ದುಪಡಿಸಿದೆ, ನಿಜ. ಆ ತೀರ್ಪುಗಳ ಪತ್ರಿಕಾ ವರದಿಗಳು ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಬಹಳ ಓಡಾಡುತ್ತವೆ. ಅದೇ ತೀರ್ಪಿಗಾಗಿ ಆ ಶಿಕ್ಷಕರು ಎಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಿರಬಹುದು ಎಂಬುದನ್ನು ಮಾತ್ರ ಯಾರೂ ಮುಂದಕ್ಕೆ ಕಳಿಸುವುದಿಲ್ಲ. "ಛಡಿ ಚಂ ಚಂ, ವಿದ್ಯೆ ಘಂ ಘಂ" ಎಂದು ಕಲಿತ ತಲೆಮಾರು ಈಗ ಪಿಂಚಣಿ ಪಡೆಯುತ್ತಿದೆ. ಕೆಲಸದಲ್ಲಿರುವವರು ಆ ಗಾದೆಯನ್ನು ಅವರಿಗೇ ಬಿಟ್ಟುಕೊಡುವುದು ಕ್ಷೇಮ.

ಒಂದು ಮಗು ತನಗಾದ ಲೈಂಗಿಕ ಕಿರುಕುಳವನ್ನು ನನ್ನ ಬಳಿ ಹೇಳಿಕೊಂಡಿತು. ಮೊದಲು ಏನು ಮಾಡಬೇಕು?

ಕೇಳಿಸಿಕೊಳ್ಳಬೇಕು. ತೆರೆದ, ಆದರೆ ಬೇರೆಯವರ ಕಿವಿಗೆ ಬೀಳದ ಜಾಗದಲ್ಲಿ ಕೂರಿಸಿ. "ನಿಜ ಹೇಳುತ್ತಿದ್ದೀಯಾ?", "ನೀನು ಯಾಕೆ ಅಲ್ಲಿಗೆ ಹೋದೆ?" ಎಂಬ ಪ್ರಶ್ನೆಗಳು ಬೇಡ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ, ಏಕೆಂದರೆ ಆ ಮಾತನ್ನು ಉಳಿಸಿಕೊಳ್ಳಲು ಕಾನೂನು ನಿಮಗೆ ಬಿಡುವುದಿಲ್ಲ. ಮಗು ಹೋದ ಕೂಡಲೇ ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ. ಹೀಗೆ:

"ಶುಕ್ರವಾರ, ಮಧ್ಯಾಹ್ನ 1.20. ಗ್ರಂಥಾಲಯದ ಕೋಣೆ. ವಿದ್ಯಾರ್ಥಿನಿ ತಾನಾಗಿಯೇ ಬಂದು ಹೇಳಿದ್ದು: ‘ವ್ಯಾನ್ ಅಂಕಲ್ ನನ್ನನ್ನೇ ಕೊನೆಗೆ ಇಳಿಸುತ್ತಾರೆ. ಎಲ್ಲರೂ ಇಳಿದ ಮೇಲೆ ಮುಂದಿನ ಸೀಟಿಗೆ ಬಾ ಎನ್ನುತ್ತಾರೆ.’ ನಾನು ಕೇಳಿದ್ದು: ‘ಆಮೇಲೆ?’ ಎಂದಷ್ಟೇ. ನಂತರ ಹೇಳಿದ್ದು:" ಹೀಗೆ ಮುಂದುವರಿಸಿ, ಕೆಳಗೆ ನಿಮ್ಮ ಸಹಿ ಮತ್ತು ಸಮಯ ಹಾಕಿ. "ಅಸಭ್ಯವಾಗಿ ವರ್ತಿಸಿದ್ದಾನೆ" ಎಂಬ ನಿಮ್ಮ ಸಾರಾಂಶಕ್ಕಿಂತ ಮಗುವಿನ ಆ ಎರಡು ಸಾಲಿಗೆ ತೂಕ ಹೆಚ್ಚು.

ಅನಂತರ ಸ್ಥಳೀಯ ಪೊಲೀಸ್ ಠಾಣೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕ. ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುವುದು ಇದನ್ನೇ: ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕ ಇರುವವರೂ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ತುರ್ತು ಇದ್ದರೆ 112. ಪೊಲೀಸರು ಮಾಹಿತಿಯನ್ನು ದಾಖಲಿಸಿ ಅದಕ್ಕೊಂದು ಸಂಖ್ಯೆ ಕೊಡಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು; ಬಂದ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಶಾಲೆಯ ಅಂಗಳಕ್ಕೆ ಜೀಪು ಬಂದು ನಿಲ್ಲುತ್ತದೆ ಎಂಬ ಹೆದರಿಕೆಯಿಂದ ಸುಮ್ಮನಿರುವವರು ಇದನ್ನು ತಿಳಿದಿರಬೇಕು.

ಮಾಡಬಾರದ್ದು: ಆಪಾದಿತನನ್ನು ಕರೆಸಿ ಮಗುವಿನ ಎದುರು ನಿಲ್ಲಿಸುವುದು, ಸಿಬ್ಬಂದಿ ಸಭೆಯಲ್ಲಿ ಮಗುವಿನಿಂದ ಮತ್ತೆ ಹೇಳಿಸುವುದು, ಮೊಬೈಲಿನಲ್ಲಿ ಚಿತ್ರೀಕರಿಸುವುದು, ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು. "ಮೊದಲು ನಾವೇ ವಿಚಾರಿಸಿ, ನಿಜವಿದ್ದರೆ ಆಮೇಲೆ ನೋಡೋಣ" ಎಂಬುದು ಕೇಳಲು ವಿವೇಕದ ಮಾತು. ತನಿಖೆ ನಿಮ್ಮ ಕೆಲಸವಲ್ಲ, ಅಷ್ಟೇ.

ಮುಖ್ಯ ಶಿಕ್ಷಕರಿಗೆ ತಿಳಿಸಿದ್ದೇನೆ. ನನ್ನ ಹೊಣೆ ಮುಗಿಯಿತಲ್ಲವೇ?

ಇಲ್ಲ. ಕಾಯ್ದೆ ಹೆಸರಿಸಿರುವುದು ಪೊಲೀಸರನ್ನು. ಮುಖ್ಯ ಶಿಕ್ಷಕರನ್ನಾಗಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರನ್ನಾಗಲಿ ಅಲ್ಲ. ತಿಳಿದೂ ವರದಿ ಮಾಡದವರಿಗೆ 21ನೇ ಕಲಂ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಅಧೀನ ನೌಕರನ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಪರಾಧ ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧವೇ ಎಂದು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಅವರು "ನಾಳೆ ನೋಡೋಣ" ಎಂದರೆ ಆ ದಿನವೇ ನೀವು ಠಾಣೆಗೆ ಹೋಗಿ.

ಶಾಲಾ ಸಿಬ್ಬಂದಿಯೇ ಅಪರಾಧಿಯಾದರೆ ಕಾಯ್ದೆ ಅದನ್ನು ತೀವ್ರ ಸ್ವರೂಪದ ಅಪರಾಧವೆಂದು ಪ್ರತ್ಯೇಕಿಸುತ್ತದೆ. 2019ರ ತಿದ್ದುಪಡಿಯ ನಂತರ ತೀವ್ರ ಸ್ವರೂಪದ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ ಇಪ್ಪತ್ತು ವರ್ಷ.

ನಾನು ದೂರು ಕೊಟ್ಟು, ಕೊನೆಗೆ ಅದು ಸುಳ್ಳೆಂದಾದರೆ?

ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ದ್ವೇಷದಿಂದ ಕಟ್ಟಿದ ಸುಳ್ಳು ದೂರಿಗೆ ಮಾತ್ರ 22ನೇ ಕಲಂ ಶಿಕ್ಷೆ ಇಟ್ಟಿದೆ, ಅದೂ ದೂರು ಕೊಟ್ಟ ಮಗುವಿಗೆ ಅನ್ವಯಿಸುವುದಿಲ್ಲ. ಸಿಬ್ಬಂದಿಯೊಳಗಿನ ಹಳೆಯ ಜಗಳ ತೀರಿಸಿಕೊಳ್ಳಲು ಮಕ್ಕಳ ಕೈಯಲ್ಲಿ ಅರ್ಜಿ ಬರೆಸುವವರು ಈ ಸಾಲನ್ನು ಎರಡು ಸಲ ಓದಬೇಕು.

ಒಂಬತ್ತನೇ ತರಗತಿಯ ಹುಡುಗಿ, ಮೊದಲ ಪಿಯುಸಿ ಹುಡುಗ. ಇಬ್ಬರೂ ಒಪ್ಪಿ ಓಡಾಡುತ್ತಿದ್ದಾರೆ. ಇದನ್ನೂ ವರದಿ ಮಾಡಬೇಕೇ?

ಓಡಾಟ, ಪತ್ರ, ಮಾತು ಅಪರಾಧವಲ್ಲ. ಇಂಥಲ್ಲಿ ಬುದ್ಧಿಮಾತು, ಆಪ್ತ ಸಮಾಲೋಚನೆ, ಪೋಷಕರೊಂದಿಗೆ ಹದವರಿತ ಮಾತುಕತೆ ಸಾಕು. ಶಾಲೆಯೊಳಗೇ ಮುಗಿಯಬಹುದಾದ ವಿಷಯಗಳಲ್ಲಿ ಇದೂ ಒಂದು. ಲೈಂಗಿಕ ಸಂಪರ್ಕ ನಡೆದಿದೆ ಎಂದು ತಿಳಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಹದಿನೆಂಟು ತುಂಬದವರ ಒಪ್ಪಿಗೆಗೆ ಪೋಕ್ಸೊದಲ್ಲಿ ಬೆಲೆಯಿಲ್ಲ, ವರದಿಯ ಕರ್ತವ್ಯ ತಪ್ಪುವುದಿಲ್ಲ. ಹದಿಹರೆಯದವರ ಸಮ್ಮತಿಯ ಪ್ರಶ್ನೆಯನ್ನು ಮರುಚಿಂತಿಸಬೇಕೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತ್ತು. ಕಾನೂನು ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡವೆಂದಿತು. ಕಾನೂನು ಇಲ್ಲಿ ಮಕ್ಕಳನ್ನೇ ಕಟಕಟೆಗೆ ತಳ್ಳುತ್ತದೆ ಎಂಬ ಅಳಲು ನನಗೂ ಇದೆ. ಅಳಲು ಇರುವುದರಿಂದ ಶಿಕ್ಷಕರ ಕರ್ತವ್ಯ ಕಡಿಮೆಯಾಗುವುದಿಲ್ಲ.

ಹಾಗಾದರೆ ಒಂದನೇ ತರಗತಿಯ ಮಗು ಬಿದ್ದು ಅತ್ತರೂ ಎತ್ತಿಕೊಳ್ಳಬಾರದೇ?

ಎತ್ತಿಕೊಳ್ಳಿ, ಗಾಯ ತೊಳೆಯಿರಿ, ಬೆನ್ನು ತಟ್ಟಿ. ಅಪರಾಧವಾಗುವುದು ಲೈಂಗಿಕ ಉದ್ದೇಶದ ಸ್ಪರ್ಶ. 2021ರ ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟಿನ ವಿವಾದಿತ ತೀರ್ಪನ್ನು ತಳ್ಳಿಹಾಕುತ್ತ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಚರ್ಮಕ್ಕೆ ಚರ್ಮ ತಾಗಿತೇ ಎಂಬುದು ಮುಖ್ಯವಲ್ಲ, ಉದ್ದೇಶ ಮುಖ್ಯ. ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನೊಂದಿಗೆ ಇರದಿರುವುದು, ಬಟ್ಟೆ ಬದಲಿಸಬೇಕಾದಾಗ ಆಯಾ ಅಥವಾ ಇನ್ನೊಬ್ಬ ಶಿಕ್ಷಕಿಯನ್ನು ಕರೆಯುವುದು, ರಾತ್ರಿ ಮಕ್ಕಳಿಗೆ ಖಾಸಗಿ ಸಂದೇಶ ಕಳಿಸದಿರುವುದು ಇಷ್ಟು ರೂಢಿಯಾದರೆ ಹೆದರಬೇಕಾದದ್ದಿಲ್ಲ.

ಮಕ್ಕಳಿಂದ ತರಗತಿ ಗುಡಿಸಿಸಬಹುದೇ? ಶೌಚಾಲಯ?

ತಮ್ಮ ಡೆಸ್ಕು ಒರೆಸಿಕೊಳ್ಳುವುದು, ಗಿಡಕ್ಕೆ ನೀರು ಹಾಕುವುದು ಶ್ರಮದಾನ. ಅದರಲ್ಲೂ ಯಾರಿಗೆ ಯಾವ ಕೆಲಸ ಬೀಳುತ್ತದೆ ಎಂದು ಗಮನಿಸಿ. ಪೊರಕೆ ಸದಾ ಒಂದೇ ಕೇರಿಯ ಮಕ್ಕಳ ಕೈಗೆ, ಇಲ್ಲವೇ ಹುಡುಗಿಯರ ಕೈಗೆ ಹೋಗುತ್ತಿದ್ದರೆ ಅದು ಶ್ರಮದಾನವಲ್ಲ. ಶೌಚಾಲಯದ ಕೆಲಸ ಸಂಪೂರ್ಣ ನಿಷಿದ್ಧ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಡಿಯೊ ಹೊರಬಿದ್ದಾಗ ಪ್ರಾಂಶುಪಾಲರೂ ಶಿಕ್ಷಕರೂ ಬಂಧನಕ್ಕೊಳಗಾದರು. ಅನುದಾನ ಬಂದಿಲ್ಲ, ಸ್ವಚ್ಛತಾ ಸಿಬ್ಬಂದಿ ಇಲ್ಲ ಎಂಬುದು ಅನೇಕ ಕಡೆ ನಿಜವೇ. ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿಯಲ್ಲಿ ಬರೆಸಿ, ಪಂಚಾಯಿತಿಗೂ ಬಿಇಒ ಕಚೇರಿಗೂ ಪತ್ರ ಹಾಕಿ. ಮಕ್ಕಳ ಕೈಯಲ್ಲಿ ಮಾಡಿಸುವುದು ಪರಿಹಾರದ ಪಟ್ಟಿಯಲ್ಲೇ ಇಲ್ಲ.

ಬಿಸಿಯೂಟದಲ್ಲಿ ಏನಾದರೂ ಆದರೆ ಅಡುಗೆಯವರು ಹೊಣೆಯೋ, ನಾವೋ?

ಇಬ್ಬರೂ. ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ವಹಿಯಲ್ಲಿ ಸಹಿ ಹಾಕಬೇಕೆಂಬುದು ಸುಮ್ಮನೆ ಬಂದ ನಿಯಮವಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತರು. ಮೂರು ವರ್ಷದ ನಂತರ ಜೈಲು ಶಿಕ್ಷೆಯಾದದ್ದು ಮುಖ್ಯ ಶಿಕ್ಷಕಿಗೆ. ಸೋಮವಾರವೇ ಇಡೀ ವಾರದ ಸಹಿ ಹಾಕಿಬಿಡುವ ಅಭ್ಯಾಸ ಎಲ್ಲಿದೆಯೋ ಅಲ್ಲಿ ಆ ವಹಿಯೇ ಮೊದಲ ಸಾಕ್ಷಿಯಾಗುತ್ತದೆ, ಸಹಿ ಹಾಕಿದವರ ವಿರುದ್ಧ. ಊಟದ ಪಂಕ್ತಿಯಲ್ಲಿ ಜಾತಿ ನೋಡಿ ಕೂರಿಸುವುದು, ಅಡುಗೆಯವರ ಜಾತಿ ನೆಪದಲ್ಲಿ ಊಟ ಬಿಡಿಸುವವರಿಗೆ ತಲೆಬಾಗುವುದು ಬೇರೆಯೇ ಅಪರಾಧ.

ವಿದ್ಯಾರ್ಥಿನಿಯ ಮನೆಯವರು ಅವಳ ಮದುವೆಯ ಲಗ್ನಪತ್ರಿಕೆ ತಂದುಕೊಟ್ಟರು. ಹೋಗದಿದ್ದರೆ ಬೇಸರವಾಗುತ್ತದೆ.

ಬೇಸರವಾಗಲಿ. ಬಾಲ್ಯವಿವಾಹ ನಿಷೇಧ ಕಾಯ್ದೆಯ 11ನೇ ಕಲಂ ಮದುವೆ ಮಾಡಿಸಿದವರ ಜೊತೆಗೆ ಅಲ್ಲಿ ಭಾಗವಹಿಸಿದವರನ್ನೂ ಹಿಡಿಯುತ್ತದೆ: ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕರ್ನಾಟಕದ ತಿದ್ದುಪಡಿಯಂತೆ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗಿಯ ಜನ್ಮದಿನಾಂಕ ನಿಮ್ಮ ಕಣ್ಣೆದುರೇ ಇರುವಾಗ "ಗೊತ್ತಿರಲಿಲ್ಲ" ಎಂಬ ಉತ್ತರ ನಿಲ್ಲುವುದಿಲ್ಲ. 1098ಕ್ಕೆ ಕರೆ ಮಾಡಿ. ಹೆಸರು ಗುಟ್ಟಾಗಿಡುವಂತೆ ಕೇಳಿಕೊಳ್ಳಿ. ಪರೀಕ್ಷೆ ಮುಗಿದು ಬೇಸಿಗೆ ರಜೆ ಆರಂಭವಾಗುವ ವಾರಗಳಲ್ಲಿ ಹಾಜರಿ ಪುಸ್ತಕವನ್ನು ಸ್ವಲ್ಪ ಹೆಚ್ಚು ಗಮನದಿಂದ ನೋಡುವ ಶಿಕ್ಷಕರು ನನಗೆ ಗೊತ್ತು. ಆ ಅಭ್ಯಾಸ ಹರಡಬೇಕು.

ಶುಲ್ಕ ಬಾಕಿ ಇರುವವರ ಟಿ.ಸಿ. ತಡೆಹಿಡಿಯಬಹುದೇ?

ಒಂದರಿಂದ ಎಂಟನೇ ತರಗತಿವರೆಗೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ನೇರವಾಗಿದೆ: ಕೇಳಿದ ಕೂಡಲೇ ಕೊಡಬೇಕು, ತಡಮಾಡಿದ ಮುಖ್ಯಸ್ಥರ ಮೇಲೆ ಶಿಸ್ತುಕ್ರಮ. ಹೊಸ ಶಾಲೆಯೂ ಟಿ.ಸಿ. ಬಂದಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಬಾಕಿ ವಸೂಲಿಗೆ ಬೇರೆ ಕಾನೂನು ದಾರಿಗಳಿವೆ. ಮಗುವಿನ ದಾಖಲೆಯನ್ನು ಅಡವಿಡುವುದು ಅವುಗಳಲ್ಲಿ ಸೇರಿಲ್ಲ. ಟಿ.ಸಿ.ಗೆ "ಚಹಾ ಕಾಸು" ಕೇಳುವುದು ಲಂಚ. ಅನುದಾನಿತ ಶಾಲೆಯ ನೌಕರರೂ ಭ್ರಷ್ಟಾಚಾರ ತಡೆ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಸೇವಕರೇ. ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು.

ಸಂಜೆ ಮನೆಪಾಠ ಹೇಳುವುದು ನನ್ನ ಸ್ವಂತ ಸಮಯ. ಅದರಲ್ಲೇನು ತಪ್ಪು?

ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಮನೆಪಾಠದಲ್ಲಿ ತೊಡಗಬಾರದು ಎನ್ನುತ್ತದೆ. ಹಿಂದುಳಿದ ಮಕ್ಕಳಿಗೆ ಶಾಲೆಯಲ್ಲೇ ಉಚಿತವಾಗಿ ಹೆಚ್ಚುವರಿ ಪಾಠ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಮಕ್ಕಳ ಫೋಟೊಗಳನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇನೆ. ಸರ್ಕಾರದ ಬಗ್ಗೆಯೂ ಆಗಾಗ ಬರೆಯುತ್ತೇನೆ.

ಶಾಲಾ ವಾರ್ಷಿಕೋತ್ಸವದ ಗುಂಪುಚಿತ್ರ ಒಂದು ಮಾತು. ಪೋಷಕರ ಲಿಖಿತ ಒಪ್ಪಿಗೆಯನ್ನು ವರ್ಷದ ಆರಂಭದಲ್ಲೇ ಪಡೆದಿಟ್ಟುಕೊಳ್ಳಿ. ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಬಿಟ್ಟುಕೊಡುವುದು ಅಪರಾಧ. ಹೆಸರು ಮರೆಮಾಚಿ ಶಾಲೆ, ಬೀದಿ, ಅಪ್ಪನ ಕೆಲಸ ಬರೆದರೂ ಗುರುತು ಸಿಕ್ಕಂತೆಯೇ. ಶಿಕ್ಷಕರ ಗುಂಪಿನಲ್ಲಿ "ಯಾವ ಶಾಲೆ ಸರ್?" ಎಂದು ಕೇಳುವವರಿಗೆ ಉತ್ತರಿಸಬೇಡಿ.

ಎರಡನೆಯದಕ್ಕೆ: ನಡತೆ ನಿಯಮಗಳು ಸರ್ಕಾರಿ ನೌಕರರು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದನ್ನೂ ಪಕ್ಷ ರಾಜಕೀಯದಲ್ಲಿ ತೊಡಗುವುದನ್ನೂ ತಡೆಯುತ್ತವೆ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಶಿಕ್ಷಕರೊಬ್ಬರು ಉಚಿತ ಯೋಜನೆಗಳನ್ನು ಟೀಕಿಸಿ ಜಾಲತಾಣದಲ್ಲಿ ಬರೆದದ್ದಕ್ಕೆ ಅಮಾನತುಗೊಂಡರು. ನಿಯಮ ಅತಿಯಾಯಿತು ಎಂದು ವಾದಿಸಬಹುದು. ವಾದ ಮಾಡಬೇಕಾದದ್ದು ಸಂಘದ ವೇದಿಕೆಯಲ್ಲಿ, ನ್ಯಾಯಾಲಯದಲ್ಲಿ.

ಪರೀಕ್ಷೆಯಲ್ಲಿ ಒಂದಂಕದ ಉತ್ತರ ಹೇಳಿಕೊಟ್ಟರೆ ಯಾರಿಗೆ ನಷ್ಟ? ಫಲಿತಾಂಶ ಕಡಿಮೆಯಾದರೆ ನಮಗೇ ನೋಟಿಸ್ ಬರುತ್ತದೆ.

ಈ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಫಲಿತಾಂಶದ ಶೇಕಡಾವಾರನ್ನು ಮುಂದಿಟ್ಟು ಶಿಕ್ಷಕರನ್ನು ಗದರಿಸುವ ಇಲಾಖೆಯೂ ಇದರಲ್ಲಿ ಪಾಲುದಾರನೇ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು; ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಅಷ್ಟು ವರ್ಷ "ಒಂದಂಕದ ಸಹಾಯ" ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಆ ಅಂಕಿಗಳೇ ಹೇಳಿಬಿಟ್ಟವು. ಪ್ರಶ್ನೆಪತ್ರಿಕೆ ಸೋರಿಕೆ, ನಕಲಿಗೆ ನೆರವು ಎರಡೂ ಅಮಾನತಿಗೆ ನಿಲ್ಲುವುದಿಲ್ಲ, ಕ್ರಿಮಿನಲ್ ಮೊಕದ್ದಮೆಯವರೆಗೆ ಹೋಗುತ್ತವೆ.

ಪಾಠ ಬಿಟ್ಟು ಸಮೀಕ್ಷೆಗೆ ಹೋಗಲು ಒಲ್ಲೆ ಎನ್ನಬಹುದೇ?

ಶಿಕ್ಷಕರನ್ನು ಪಾಠೇತರ ಕೆಲಸಕ್ಕೆ ಹಚ್ಚಬಾರದೆನ್ನುವ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳಿರುವ ವಿನಾಯಿತಿ ಮೂರೇ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಮತದಾರರ ಪಟ್ಟಿಯ ಕೆಲಸವನ್ನು ರಜಾದಿನಗಳಲ್ಲಿ, ಪಾಠವಿಲ್ಲದ ಸಮಯದಲ್ಲಿ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದಾಗ ಈ ಕಲಮಿನ ಚರ್ಚೆ ಮತ್ತೆ ಎದ್ದಿತು. ಆದರೂ ಒಬ್ಬಂಟಿಯಾಗಿ ಆದೇಶ ಧಿಕ್ಕರಿಸಿದರೆ ನೋಟಿಸ್ ಬರುವುದು ಖಚಿತ. ಆಕ್ಷೇಪವನ್ನು ಲಿಖಿತವಾಗಿ ಕೊಟ್ಟು, ಸಂಘದ ಮೂಲಕ ಪ್ರಶ್ನಿಸಿ, ಅಲ್ಲಿಯವರೆಗೆ ಕೆಲಸಕ್ಕೆ ಹಾಜರಾಗುವುದೇ ಜಾಣತನ.

ಸಹೋದ್ಯೋಗಿಯೊಬ್ಬರು ನನಗೇ ಕಿರುಕುಳ ಕೊಡುತ್ತಿದ್ದಾರೆ. ಎಲ್ಲಿ ಹೇಳಲಿ?

ಹತ್ತು ಮತ್ತು ಹೆಚ್ಚು ನೌಕರರಿರುವ ಶಾಲೆಯಲ್ಲಿ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳೆಯೇ ಅಧ್ಯಕ್ಷರು, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಸದಸ್ಯರೊಬ್ಬರು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಇಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ನನ್ನ ಮೇಲೇ ದೂರು ಬಂದಿದೆ. ಕೆಲಸ ಹೋಗುತ್ತದೆಯೇ?

ನೋಟಿಸ್ ಬಂದ ಕೂಡಲೇ ಹೋಗುವುದಿಲ್ಲ. ಸರ್ಕಾರಿ ನೌಕರರು 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಆ ಅವಧಿಗೆ ಜೀವನಾಧಾರ ಭತ್ಯೆ ಸಿಗುತ್ತದೆ. ಅಮಾನತು ಶಿಕ್ಷೆಯಲ್ಲ. ದೋಷಾರೋಪಣಾ ಪಟ್ಟಿ ಕೈಗೆ ಬಂದಾಗ ಆಧಾರ ದಾಖಲೆಗಳ ಪ್ರತಿ ಕೇಳಿ ಪಡೆಯಿರಿ, ನಿಗದಿತ ದಿನದೊಳಗೆ ಲಿಖಿತ ಉತ್ತರ ಕೊಡಿ, ಸಾಕ್ಷಿಗಳ ಪಾಟೀಸವಾಲನ್ನು ಬಿಟ್ಟುಕೊಡಬೇಡಿ. ನ್ಯಾಯಾಲಯದಲ್ಲಿ ಖುಲಾಸೆಯಾದರೂ ಇಲಾಖಾ ವಿಚಾರಣೆ ತಾನಾಗಿ ನಿಲ್ಲುವುದಿಲ್ಲ, ಎರಡರ ಅಳತೆಗೋಲು ಬೇರೆ. ದೂರು ಕೊಟ್ಟ ಮಗುವಿನ ಮನೆಗೆ ಹೋಗಿ ಕೈಮುಗಿಯುವುದು, ಹಿರಿಯರ ಮೂಲಕ ಹಣದ ಮಾತಾಡಿಸುವುದು ಸಾಕ್ಷಿಯ ಮೇಲೆ ಒತ್ತಡ ತಂದಂತಾಗಿ ಜಾಮೀನಿಗೇ ಕುತ್ತು ತರುತ್ತದೆ.

ಖಾಸಗಿ ಶಾಲೆಯವರಿಗೂ ರಕ್ಷಣೆ ಇದೆ, ತಿಳಿದವರು ಕಡಿಮೆ. ವಿಚಾರಣೆ ನಡೆಸದೆ ವಜಾ ಮಾಡುವುದನ್ನು ಶಿಕ್ಷಣ ಕಾಯ್ದೆಯ 92ನೇ ಕಲಂ ತಡೆಯುತ್ತದೆ. "ನಾಳೆಯಿಂದ ಬರಬೇಡಿ" ಎಂದು ಫೋನಿನಲ್ಲಿ ಹೇಳಿದರೆ ಆ ಮಾತನ್ನು ಉಲ್ಲೇಖಿಸಿ ಅಂದೇ ಆಡಳಿತ ಮಂಡಳಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಖಾಲಿ ಹಾಳೆಗೆ ಸಹಿ ಮಾಡಿಕೊಡಬೇಡಿ; ಅದು ರಾಜೀನಾಮೆಯಾಗಿ ಹೊರಬರುತ್ತದೆ. ವಜಾ ಆದೇಶದ ವಿರುದ್ಧ 94ನೇ ಕಲಮಿನಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅವಧಿ ಮೂರು ತಿಂಗಳು.